ಮೂರು ಸ್ಪೇರ್ ಇದೆ ಅಂತ ಅವಸರ ಮಾಡಿಸಬೇಡಿ

ಪೆರ್ಲದ ತಮ್ಮ ಹಾಕಿದ ಪ್ಲ್ಯಾನ್ ಓದಿದೆ. ಬಯಾತ್ಲಾನ್ (ಸ್ಕೀ ಮೇಲೆ ಓಡುತ್ತಾ ನಡುನಡುವೆ ರೈಫಲ್‌ನಿಂದ ಗುರಿ ಹೊಡೆಯುವ ಆಟ) ಗಂಡಸರ ರಿಲೇ ನೋಡಿ ಊರಲ್ಲಿ ನಾಲ್ಕು ಜನರ ಓಟ ಮತ್ತು ಏರ್ ರೈಫಲ್ ರಿಲೇ ಮಾಡುವ ಯೋಚನೆ ಬಹಳ ಒಳ್ಳೆಯದು. ಆದರೆ ಚುರುಕಿನ ಓಟಗಾರ ಮೊದಲು, ಗುರಿ ಹಸಿ ಇರುವವ ಮೂರನೆಯವ, ಬೀಳದೆ ಉಳಿದ ಪ್ರತಿ ಗುರಿಗೆ 150 ಮೀಟರ್ ದಂಡದ ಸುತ್ತು, ಮೇಲಿಂದ "ಹೇಗೂ ಮೂರು ಸ್ಪೇರ್ ಇದೆ, ಬೇಗ ಬೇಗ ಹೊಡೀರಿ" ಅಂತ ಹುಡುಗರಿಗೆ ಹೇಳಿದ್ದೀರಿ. ನಮ್ಮ ತಂಡವೂ ಮೊದಲು ಹೀಗೇ ಮಾಡಿ ಸೋತದ್ದು. ಅದಕ್ಕೇ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಬೇಡಿ.

ಸ್ಪೇರ್ ಅಂದರೆ ಐದು ಗುರಿಗೆ ಐದು ಗುಂಡು ಮುಗಿದ ಮೇಲೂ ಬೀಳದ್ದಕ್ಕೆ ಹೊಡೆಯುವ ಹೆಚ್ಚಿನ ಗುಂಡು, ಅದು ಪುಕ್ಕಟೆ ಅಲ್ಲ ಮಾರಾಯ್ರೇ. ಬಯಾತ್ಲಾನಲ್ಲಿ ಐದು ಗುಂಡು ಮ್ಯಾಗಜೀನ್‌ನಿಂದ (ಗುಂಡು ಮೊದಲೇ ತುಂಬಿಟ್ಟ ಡಬ್ಬಿ) ಬರುತ್ತದೆ. ಸ್ಪೇರ್ ಮಾತ್ರ ಒಂದೊಂದಾಗಿ ಕೈಯಲ್ಲೇ ತುಂಬಬೇಕು. ಒಂದಕ್ಕೆ ಸುಮಾರು 7ರಿಂದ 10 ಸೆಕೆಂಡ್ ಹೋಗುತ್ತದೆ. 150 ಮೀಟರ್ ಸುತ್ತಿಗೆ ಅವರಿಗೆ 20ರಿಂದ 25 ಸೆಕೆಂಡ್. ಅಂದರೆ ಮೂರೂ ಸ್ಪೇರ್ ಖರ್ಚು ಮಾಡಿದವನು ಒಂದು ಸುತ್ತಿನಷ್ಟು ಹೊತ್ತನ್ನು ನಿಂತಲ್ಲೇ ಕಳೆದ ಹಾಗೆ. ಅದಾದ ಮೇಲೂ ಒಂದು ಗುರಿ ಬೀಳದೆ ಉಳಿದರೆ ಸುತ್ತು ಬೇರೆ. ಮೊದಲ ಐದರಲ್ಲಿ ಐದು ಸೆಕೆಂಡ್ ಉಳಿಸಲಿಕ್ಕೆ ಹೋಗಿ ಕೊನೆಗೆ ಅರ್ಧ ನಿಮಿಷ ಕಳಕೊಳ್ಳುವುದು ಹೀಗೆ.

2022ರ ಬೀಜಿಂಗ್ ಒಲಿಂಪಿಕ್ಸ್ ರಿಲೇ ಹುಡುಗರಿಗೆ ತೋರಿಸಿ. ಕೊನೆಯ ಸಲ ನಿಂತು ಹೊಡೆಯಲು ಬರುವಾಗ ರಷ್ಯನ್ನರ ಲಾತಿಪೋವ್ ಮುಂದಿದ್ದ. ಚಿನ್ನ ಕೈಯಲ್ಲೇ ಇತ್ತು. ಅಲ್ಲಿ ಗುರಿ ತಪ್ಪಿತು, ಸ್ಪೇರೂ ಕೈಕೊಟ್ಟಿತು, ದಂಡದ ಸುತ್ತಿಗೆ ಹೋಗಬೇಕಾಯಿತು. ನಾರ್ವೆಯ ಕ್ರಿಸ್ಟಿಯಾನ್ಸೆನ್ ಮುಂದೆ ಹೋಗಿ ಚಿನ್ನ ತಂದ. ಫ್ರಾನ್ಸಿಗೆ ಬೆಳ್ಳಿ, ರಷ್ಯನ್ನರಿಗೆ ಕಂಚು. ಕಾಲಲ್ಲಿ ಏನೂ ಕೊರತೆ ಇರಲಿಲ್ಲ, ಅಲ್ವಾ?

ಇನ್ನು 2022-23ರ ಸೀಸನ್. ವಿಶ್ವಕಪ್‌ನ ಐದಕ್ಕೆ ಐದೂ ಗಂಡಸರ ರಿಲೇ ನಾರ್ವೆಯದ್ದೇ. ಅದೇ ತಂಡ ಓಬರ್‌ಹಾಫ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಫ್ರಾನ್ಸ್ ಎದುರು ಎರಡನೆಯದಾಯಿತು. ನಾರ್ವೆಯ ಯೊಹಾನಸ್ ಬೋ ಆ ಕೂಟದಲ್ಲಿ ಐದು ಚಿನ್ನ ಗೆದ್ದವನು, ಆದರೆ ಗಂಡಸರ ರಿಲೇಯಲ್ಲಿ ಬೆಳ್ಳಿ. ಮರುವರ್ಷ ನೋವೆ ಮೆಸ್ಟೊದಲ್ಲಿ ಸ್ವೀಡನ್ ಗೆದ್ದಿತು, ನಾರ್ವೆ ಮತ್ತೆ ಎರಡನೆಯದು. ಎಷ್ಟು ದೊಡ್ಡ ಆಟಗಾರ ಇದ್ದರೂ ಒಬ್ಬನಿಂದ ರಿಲೇ ಆಗುವುದಿಲ್ಲ. ಹಾಗಾಗಿ ನಿಮ್ಮ ಮೂರನೆಯವನನ್ನು ಅಡಗಿಸುವ ಉಪಾಯ ಬಿಟ್ಟುಬಿಡಿ. ಅಂತರ ಬಿರಿಯುವುದೇ ಮೂರನೆಯವನ ಹೊತ್ತಿಗೆ. ಬೀಜಿಂಗಲ್ಲಿ ನಾರ್ವೆ ಯೊಹಾನಸ್ ಬೋನನ್ನೇ ಮೂರನೆಯ ಜಾಗಕ್ಕೆ ಹಾಕಿತ್ತು. ಮೊದಲನೆಯವನು ಗುಂಪಿನಲ್ಲಿ ತಲೆಬಿಸಿ ಮಾಡಿಕೊಳ್ಳದವನಾಗಿರಲಿ, ಎಲ್ಲರ ಜೊತೆ ಬಂದು ಕೈಮುಟ್ಟಿಸಿದರೆ ಅವನ ಕೆಲಸ ಆಯಿತು. ನಿಂತು ಹೊಡೆಯುವಾಗ ಯಾರ ಕೈ ನಡುಗುವುದಿಲ್ಲವೋ ಅವನೇ ಕೊನೆಗೆ. ಓಟದ ಟೈಮಿಂಗ್ ನೋಡಿ ಕೊನೆಯವನನ್ನು ಆರಿಸಬೇಡಿ.

ದಂಡದ ಸುತ್ತನ್ನು 150 ಮೀಟರ್ ಅಂತ ಹಾಗೇ ನಕಲು ಮಾಡಬೇಡಿ. ಅವರು ಸ್ಕೀ ಮೇಲೆ ಜಾರುವವರು. ನಮ್ಮ ಹುಡುಗರು ಮುರಕಲ್ಲಿನ ಮೈದಾನದಲ್ಲಿ ಬೆವರು ಸುರಿಸಿಕೊಂಡು ಓಡುವವರು, ಅಷ್ಟಕ್ಕೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಬೇಕು. 70-80 ಮೀಟರ್ ಇಡಿ, ಲೆಕ್ಕ ಸರಿ ಕೂರುತ್ತದೆ. ಗುರಿಯ ಅಗಲವೂ ಹಾಗೇ. ಅಲ್ಲಿ 50 ಮೀಟರ್‌ಗೆ ಮಲಗಿ ಹೊಡೆಯುವಾಗ 45 ಮಿಲಿಮೀಟರ್, ನಿಂತರೆ 115. ಐದರಿಂದ ಭಾಗಿಸಿದರೆ 10 ಮೀಟರ್‌ಗೆ 9 ಮತ್ತು 23 ಬರುತ್ತದೆ. ಹೊಸಬರಿಗೆ ಅದು ಬೇಡವೇ ಬೇಡ. 15 ಮತ್ತು 35 ಇಡಿ. ಒಂದೂ ಬೀಳದಿದ್ದರೆ ಮಕ್ಕಳು ಮುಂದಿನ ವಾರ ಬರುವುದಿಲ್ಲ.

ಈಗ ಮುಖ್ಯ ವಿಷಯ. ನಿಮ್ಮದು ಬ್ರೇಕ್ ಬ್ಯಾರೆಲ್ (ಪ್ರತಿ ಸಲ ನಳಿಗೆ ಬಗ್ಗಿಸಿ ತುಂಬುವ) ಸ್ಪ್ರಿಂಗ್ ರೈಫಲ್ ಆದರೆ ಪ್ರತಿ ಪೆಲೆಟ್ಟೂ (ಏರ್ ರೈಫಲ್‌ನ ಸೀಸದ ಸಣ್ಣ ಗುಂಡು) ಕೈಯಲ್ಲೇ ಹೋಗುವುದು. ಮ್ಯಾಗಜೀನ್ ಇಲ್ಲದ ಕಡೆ ಸ್ಪೇರಿಗೆ ಬೇರೆ ಬೆಲೆಯೇ ಇಲ್ಲ, ಎಂಟು ಗುಂಡಿಗೆ ಐದು ಗುರಿ ಅಂತ ಆಗುತ್ತದೆ. ಹಾಗಾಗಿ ಸ್ಪೇರ್ ಒಂದೇ ಇಡಿ. ಮ್ಯಾಗಜೀನ್ ಇರುವ ಪಿಸಿಪಿ (ಒತ್ತಡದ ಗಾಳಿ ಮೊದಲೇ ತುಂಬಿಟ್ಟ ರೈಫಲ್) ಆದರೆ ಮೂರು ಇರಲಿ.

ನಾನು ಹುಡುಗರಿಗೆ ಮಾಡಿಸುವುದು ಆರನೇ ಗುಂಡಿನ ಅಭ್ಯಾಸ. ಒಂದು ಸುತ್ತು ಓಡಿ ಬರಬೇಕು, ಬಂದವನಿಗೆ ಐದು ಗುಂಡು ಇಲ್ಲ, ಒಂದೇ ಸ್ಪೇರ್. ಸೋಡಾ ಬಾಟಲಿಯ ಮುಚ್ಚಳದಲ್ಲಿ ಹಳೆ ಬನಿಯನ್ ತುಂಡು ಹಾಕಿ, ಅದರ ಮೇಲೆ ಪೆಲೆಟ್ ಇಟ್ಟಿರುತ್ತೇನೆ, ಯಾವಾಗಲೂ ಮ್ಯಾಟಿನ ಅದೇ ಮೂಲೆಯಲ್ಲಿ. ಕಿಸೆಯಲ್ಲಿ ಬೇಡ. ಬೆವರಿದ ಬೆರಳಲ್ಲಿ ತಡಕಾಡುವಾಗ ಪೆಲೆಟ್ಟಿನ ತೆಳು ಅಂಚು ಒತ್ತಿ ಚಪ್ಪಟೆಯಾಗುತ್ತದೆ. ಅದು ಎಲ್ಲಿ ಹೋಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಪೆಲೆಟ್ ಎತ್ತುವಾಗ ಒಂದು ಉಸಿರು, ಒಳಗೆ ಕೂರಿಸಿ ಮತ್ತೊಂದು, ಮೂರನೆಯದನ್ನು ಅರ್ಧ ಬಿಟ್ಟು ಟ್ರಿಗರ್. ಇದನ್ನೇ ಮಾಡಿಸಿ. ಹದಿನೈದು ದಿನದಲ್ಲಿ ಮೊದಲ ಐದೂ ತನ್ನಿಂದ ತಾನೇ ಸುಧಾರಿಸುತ್ತದೆ, ಯಾಕೆಂದರೆ ತಪ್ಪಿದರೆ ಮುಂದೇನು ಅನ್ನುವ ಹೆದರಿಕೆ ಹೋಗಿರುತ್ತದೆ.

ಮಲಗಿ ಹೊಡೆಯುವಾಗ ಬ್ಯಾರೆಲ್ ಬಗ್ಗಿಸುವುದು ಸಣ್ಣವರಿಂದ ಆಗದು. ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು ಕಾಕ್ ಮಾಡಿ, ತೆರೆದ ಬ್ಯಾರೆಲನ್ನು ಗಟ್ಟಿ ಹಿಡಿದುಕೊಂಡಿರಲಿ. ಹಿಡಿಯದೆ ಪೆಲೆಟ್ ಹಾಕಲು ಬಿಟ್ಟರೆ ಬೆರಳು ಹೋದೀತು.

ನಿಮ್ಮ ಫೋಟೋದಲ್ಲಿ ಒಬ್ಬ ರೈಫಲ್ ಬೆನ್ನಿಗೆ ಕಟ್ಟಿಕೊಂಡು ಪಂಚಾಯತು ರಸ್ತೆಯಲ್ಲಿ ಓಡುತ್ತಿದ್ದಾನೆ. ಇದು ಕೂಡದು. ಬಯಾತ್ಲಾನಲ್ಲಿ ಹೊತ್ತು ಓಡುತ್ತಾರೆ ನಿಜ, ಕಡಿಮೆ ಅಂದರೂ ಮೂರೂವರೆ ಕಿಲೋ, ಆದರೆ ಅದು ಬೇಲಿ ಹಾಕಿದ ಟ್ರ್ಯಾಕು, ಪಳಗಿದ ಜನ. ನಮ್ಮಲ್ಲಿ ರೈಫಲ್ ರೇಂಜ್ ಬಿಟ್ಟು ಅಲ್ಲಾಡಬಾರದು. ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು, ತೋಟದ ಕಡೆಗೆ ಗುರಿ ಇಡಬೇಡಿ, ಅಡಿಕೆ ಹೆಕ್ಕುವವರು ಯಾವಾಗ ಬರುತ್ತಾರೆ ಅಂತ ಹೇಳಲಿಕ್ಕಾಗದು. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವ ಬೀಳುವ ತಗಡು ಸ್ವಲ್ಪ ಕೆಳಗೆ ಬಾಗಿರಲಿ, ಸೀಸದ ಚೂರು ನೆಲಕ್ಕೆ ಸಿಡಿಯುತ್ತದೆ. ಎಲ್ಲರಿಗೂ ಕನ್ನಡಕ. ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಯಾರೂ ಅವಲಕ್ಕಿ ಮುಟ್ಟಬಾರದು.

ರೈಫಲ್ ಬಗ್ಗೆ ಕೇಳಿದ್ದೀರಿ. ಕಲಿಯುವವರಿಗೆ ನಮ್ಮ ದೇಶದ ಪ್ರಿಸಿಹೋಲ್ ಕಂಪನಿಯದ್ದು ಸಾಕು, ವಿದೇಶದ್ದಕ್ಕೆ ದುಡ್ಡು ಸುರಿಯಬೇಡಿ. ಉಳಿದ ದುಡ್ಡನ್ನು ಪೆಲೆಟ್ಟಿಗೆ ಹಾಕಿ. ನನಗೆ ಎಚ್ ಆ್ಯಂಡ್ ಎನ್ ಕಂಪನಿಯ ಚಪ್ಪಟೆ ತಲೆಯದ್ದು ಹೊಂದಿದೆ, ಕೆಲವರಿಗೆ ಜೆಎಸ್‌ಬಿ ಕಂಪನಿಯದ್ದು ಇಷ್ಟ. ಯಾವುದಾದರೂ ಸರಿ, ಅಭ್ಯಾಸಕ್ಕೆ ಒಂದು ಸ್ಪರ್ಧೆಗೆ ಇನ್ನೊಂದು ಬೇಡ. ಮಳೆಗಾಲದಲ್ಲಿ ರೈಫಲನ್ನು ಬಟ್ಟೆಯ ಚೀಲದಲ್ಲಿ ಸುತ್ತಿಟ್ಟರೆ ತುಕ್ಕು ಗ್ಯಾರಂಟಿ. ತೆಳುವಾಗಿ ಎಣ್ಣೆ ಒರೆಸಿ, ಗಾಳಿ ಆಡುವಲ್ಲಿ ಬೀಗ ಹಾಕಿ ನಿಲ್ಲಿಸಿ. ತೆಂಗಿನೆಣ್ಣೆ ಹಚ್ಚಬೇಡಿ, ಅಂಟು ಕಟ್ಟುತ್ತದೆ.

ನಿಮ್ಮದು ಸ್ಪ್ರಿಂಗೋ ಪಿಸಿಪಿಯೋ ಇಲ್ಲೇ ಬರೆಯಿರಿ. ನಾಲ್ವರೂ ಓಡಿ ಬಂದು ನಿಂತು ಹೊಡೆದ ಕಾಗದದ ಫೋಟೋವನ್ನೂ ಹಾಕಿ. ಯಾರು ಎಷ್ಟನೆಯವ ಅಂತ ಅದನ್ನು ನೋಡಿಯೇ ಹೇಳುತ್ತೇನೆ.