ಅಮ್ಮ ಮುಟ್ಟದ ಕಡಲೆಕಾಯಿ ರಾಶಿ

ಹಳೆಯ ವಿಡಿಯೋ ಗೇಮ್‌ಗಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಬೇಕಾಯಿತು.

ಪ್ರಶ್ನೆ: ಎರಡು ವರ್ಷದಿಂದ ಬಿಡುವಿನ ವೇಳೆಯಲ್ಲಿ ಮಾರಿಯೋ ಮಾದರಿಯ, ಓಡುತ್ತ ಹಾರುತ್ತ ಸಾಗುವ ಗೇಮ್ ಮಾಡುತ್ತಿದ್ದೇನೆ. ಮೊದಲ ಲೆವೆಲ್ ನನಗೆ ನೀರು ಕುಡಿದಷ್ಟು ಸುಲಭ. ಗೆಳೆಯರು ಮಾತ್ರ ಮೂರನೇ ಹಳ್ಳಕ್ಕೆ ಬಿದ್ದು ಬಿದ್ದು ಕೈಬಿಡುತ್ತಾರೆ. ಎಲ್ಲಿ ತಪ್ಪಿದೆ?
— ವಿಜಯನಗರದ ಓದುಗರು

ಉತ್ತರ: ಆ ಹಳ್ಳವನ್ನು ನೀವು ಎಷ್ಟು ಸಲ ಹಾರಿದ್ದೀರೋ ಲೆಕ್ಕವಿಲ್ಲ. ಅದರ ಅಗಲ ನಿಮ್ಮ ಬೆರಳಿಗೆ ಬಾಯಿಪಾಠವಾಗಿದೆ. ಗೆಳೆಯರಿಗೆ ಅದು ಮೊದಲ ಭೇಟಿ. 2015ರ ಸೂಪರ್ ಮಾರಿಯೋ ಮೇಕರ್‌ನಲ್ಲಿ ಲೆವೆಲ್ ಕಟ್ಟಿದವರು ಅದನ್ನು ಸ್ವತಃ ಆಡಿ ಮುಗಿಸದೆ ಊರಿಗೆ ಹಂಚುವಂತಿರಲಿಲ್ಲ. ಒಳ್ಳೆಯ ನಿಯಮವೇ. ಆದರೆ ಮುಗಿಸಲು ಸಾಧ್ಯ ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ. ಹೊಸಬರಿಗೆ ದಾರಿ ತಿಳಿಯುತ್ತದೆಯೇ ಎಂಬುದನ್ನು ಹೊಸಬರೇ ತೋರಿಸಿಕೊಡಬೇಕು.

ನನಗೆ ತೋರಿಸಿಕೊಟ್ಟವರು ಅಮ್ಮ. ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ನಾನು ಒಂದು ಲೆವೆಲ್ ಆಗಿ ಕಟ್ಟಿದ್ದೆ. ರಾಮಕೃಷ್ಣ ಆಶ್ರಮದ ಬಳಿಯಿಂದ ಹೊರಟು, ಬುಲ್ ಟೆಂಪಲ್ ರಸ್ತೆಯ ಅಂಗಡಿಸಾಲು ದಾಟಿ, ಕಹಳೆ ಬಂಡೆ ಹತ್ತಿ ಇಳಿದು ದೊಡ್ಡ ಬಸವಣ್ಣನ ಬಾಗಿಲು ಮುಟ್ಟಿದರೆ ಮುಗಿಯಿತು. ಮಾರಿಯೋದಲ್ಲಿ ನಾಣ್ಯವಿರುವ ಕಡೆ ನನ್ನಲ್ಲಿ ಕಡಲೆಕಾಯಿ. 71 ವರ್ಷದ ಅಮ್ಮನ ಕೈಗೆ ಕಂಟ್ರೋಲರ್ ಕೊಟ್ಟು, ಒಂದು ಮಾತೂ ಆಡುವುದಿಲ್ಲ ಎಂದು ನಿಶ್ಚಯಿಸಿ ಪಕ್ಕದಲ್ಲಿ ಕುಳಿತೆ.

ಅಮ್ಮ ಮೊದಲು ಎಡಕ್ಕೆ ಹೋದರು. ಅಲ್ಲಿ ಗೋಡೆ. ಗೋಡೆಗೆ ಮುಖ ಹಚ್ಚಿಕೊಂಡು ಎಷ್ಟೋ ಹೊತ್ತು ನಿಂತರು. ಬಲಕ್ಕೆ ಹೋಗಬೇಕೆಂದು ಅವರಿಗೆ ಹೇಳುವಂಥದ್ದು ಪರದೆಯ ಮೇಲೆ ಏನೂ ಇರಲಿಲ್ಲ, ಏಕೆಂದರೆ ಆಡುವವರು ಓಡಿಸುವ ಹುಡುಗಿಯನ್ನು ನಾನು ಪರದೆಯ ನಟ್ಟನಡುವೆ ನಿಲ್ಲಿಸಿದ್ದೆ. ಬಲಕ್ಕೆ ಬಂದ ಮೇಲೆ ರಸ್ತೆಯಲ್ಲಿ ಟಾರ್ಪಾಲಿನ ಮೇಲೆ ಸುರಿದ ಕಡಲೆಕಾಯಿ ರಾಶಿ ಸಿಕ್ಕಿತು. ಮುಟ್ಟಿದರೆ 50 ಅಂಕ. ಅಮ್ಮ ಪ್ರತಿ ರಾಶಿಯನ್ನೂ ಎಚ್ಚರದಿಂದ ಹಾರಿ ದಾಟಿದರು. ಆಮೇಲೆ ಕೇಳಿದಾಗ, "ಯಾರೋ ಮಾರಲು ಇಟ್ಟುಕೊಂಡಿರುವುದು, ದುಡ್ಡು ಕೊಡದೆ ಹೇಗೆ ಎತ್ತಿಕೊಳ್ಳುವುದು?" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಪರಿಷೆ ಬಲ್ಲ ಯಾರೂ ರಾಶಿಗೆ ಹಾಗೆ ಕೈಹಾಕುವುದಿಲ್ಲ. ಮುಂದಿನ ಹಳ್ಳಕ್ಕೆ ಏಳು ಸಲ ಬಿದ್ದರು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಕಂಟ್ರೋಲರ್ ಕೆಳಗಿಟ್ಟು ಎದ್ದು ಹೋದರು.

ಆ ರಾತ್ರಿಯೇ ಮೂರನ್ನೂ ತಿದ್ದಿದೆ. ಹುಡುಗಿ ಈಗ ಎಡ ಅಂಚಿನಲ್ಲಿ, ಬಲಕ್ಕೆ ಮುಖ ಮಾಡಿ ನಿಂತಿರುತ್ತಾಳೆ. ರಾಶಿಗಳು ಬರಿಯ ನೋಟಕ್ಕೆ, ಅಂಕವಿರುವುದು ದಾರಿಯಲ್ಲಿ ಚೆಲ್ಲಿದ ಬಿಡಿ ಕಾಯಿಗಳಿಗೆ. ಹಳ್ಳದ ಮೇಲೆ ಐದು ಕಾಯಿಗಳನ್ನು ಕಾಮನಬಿಲ್ಲಿನಂತೆ ಬಾಗಿಸಿ ಇಟ್ಟೆ. ಎಲ್ಲಿಂದ ಹಾರಬೇಕು, ಎಲ್ಲಿ ಇಳಿಯುತ್ತೇವೆ ಎಂಬುದನ್ನು ಆ ಬಾಗೇ ಹೇಳಿಬಿಡುತ್ತದೆ.

ನಿಮ್ಮ ಮೂರನೇ ಹಳ್ಳವನ್ನೂ ಅಳೆದು ನೋಡಿ. ಲೆವೆಲ್ ಕಟ್ಟುವುದು ಒಂದೇ ಅಳತೆಯ ಚೌಕಗಳಿಂದ. ನನ್ನ ಹುಡುಗಿಯ ಅತಿ ಉದ್ದದ ನೆಗೆತ ಐದು ಚೌಕ, ಹಳ್ಳವೂ ಐದು ಚೌಕವಿತ್ತು. ಕೊಟ್ಟಕೊನೆಯ ಅಂಚಿನಿಂದ ಹಾರಿದವರಿಗೆ ಮಾತ್ರ ದಕ್ಕುತ್ತಿತ್ತು. ಮೊದಲ ಲೆವೆಲ್‌ಗೆ ಮೂರು ಚೌಕ ಸಾಕು. ಜೊತೆಗೆ, ಕಾಲು ಅಂಚು ದಾಟಿದ ಮೇಲೂ ಆರು ಫ್ರೇಮ್ (ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರಗಳು) ತನಕ ಹಾರುವ ಬಟನ್ ಕೆಲಸ ಮಾಡಲಿ. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮ್‌ನಲ್ಲಿ ಅದು ಸೆಕೆಂಡಿನ ಹತ್ತರಲ್ಲಿ ಒಂದು ಪಾಲು. ಆಡುವವರಿಗೆ ತಿಳಿಯುವುದೇ ಇಲ್ಲ, ಆದರೆ "ನಾನು ಒತ್ತಿದ್ದೆ, ಅದೇ ಹಾರಲಿಲ್ಲ" ಎಂಬ ದೂರು ನಿಲ್ಲುತ್ತದೆ. 2018ರ ಸೆಲೆಸ್ಟ್‌ನಂತಹ ಕಠಿಣ ಗೇಮ್‌ನಲ್ಲೂ ಈ ರಿಯಾಯಿತಿ ಇದೆ.

ಇನ್ನೊಂದು ಕೆಲಸ ಮಾಡಿ. 1985ರ ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಲೆವೆಲ್ಲನ್ನು ಆಡುವವರಾಗಿ ಅಲ್ಲ, ಕಟ್ಟುವವರಾಗಿ ನಿಧಾನವಾಗಿ ನಡೆದು ನೋಡಿ. ಅದನ್ನು ರೂಪಿಸಿದ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಅಲ್ಲಿ ಒಂದು ಅಕ್ಷರ ಬರೆಯದೆ ಪಾಠ ಮಾಡಿದ್ದಾರೆ. ಮೊದಲ ಅಣಬೆಯನ್ನು ನೋಡಿ: ಪೆಟ್ಟಿಗೆಯಿಂದ ಹೊರಬಂದು ಬಲಕ್ಕೆ ಜಾರುತ್ತದೆ, ಕೆಳಗೆ ಬೀಳುತ್ತದೆ, ಹಸಿರು ಕೊಳವೆಗೆ ಡಿಕ್ಕಿ ಹೊಡೆದು ನಿಮ್ಮ ಕಡೆಗೇ ತಿರುಗುತ್ತದೆ. ಹೆದರಿ ಹಾರಿದರೆ ಮೇಲಿನ ಇಟ್ಟಿಗೆಗೆ ತಲೆ ತಾಗಿ ಅದರ ಮೇಲೆಯೇ ಇಳಿಯುತ್ತೀರಿ. ಮಾರಿಯೋ ದೊಡ್ಡವನಾಗುತ್ತಾನೆ. ಅಣಬೆ ಒಳ್ಳೆಯದು ಎಂಬುದು ಹೀಗೆ ಗೊತ್ತಾಗುತ್ತದೆ. ಲೆವೆಲ್‌ನ ಕೊನೆಗೆ ಬನ್ನಿ. ಎದುರುಬದುರಾದ ಎರಡು ಮೆಟ್ಟಿಲಸಾಲು, ನಡುವೆ ಗಟ್ಟಿ ನೆಲ. ತಪ್ಪಿ ಬಿದ್ದರೂ ಪ್ರಾಣಕ್ಕೆ ಅಪಾಯವಿಲ್ಲ. ಸ್ವಲ್ಪ ಮುಂದೆ ಅಂಥದ್ದೇ ಇನ್ನೊಂದು ಜೋಡಿ, ಈ ಸಲ ನಡುವೆ ತಳವಿಲ್ಲದ ಹಳ್ಳ. ನನ್ನ ಎಲ್ಲ ಲೆವೆಲ್‌ಗಳಲ್ಲೂ ಈ ಕ್ರಮವನ್ನು ಪಾಲಿಸುತ್ತೇನೆ: ಯಾವ ಹೊಸ ಅಪಾಯವೂ ಮೊದಲ ಸಲ ಕೊಲ್ಲಬಾರದು. ನಿಮ್ಮ ಮೂರನೇ ಹಳ್ಳಕ್ಕೆ ಮೊದಲು ಅಂಥ ಗಟ್ಟಿ ನೆಲದ ಅಭ್ಯಾಸ ಇದೆಯೇ?

ಪ್ರಶ್ನೆ: ಅಟ್ಟದಲ್ಲಿ ಹಳೆಯ ಟಿವಿ ಗೇಮ್ ಸೆಟ್ಟೂ ಅದಕ್ಕೆ ಸಿಕ್ಕಿಸುವ, ಗೇಮ್ ತುಂಬಿದ ಹಳದಿ ಕಾರ್ಟ್ರಿಜ್‌ಗಳೂ ಸಿಕ್ಕಿವೆ. ಚಿತ್ರ ಕಲಸಿದಂತೆ ಬರುತ್ತದೆ. ಹಿಂದೆಲ್ಲ ಬಾಯಿಂದ ಊದಿದರೆ ಸರಿಹೋಗುತ್ತಿತ್ತು.
— ಮಲ್ಲೇಶ್ವರದ ಓದುಗರು

ಉತ್ತರ: ದಯವಿಟ್ಟು ಊದಬೇಡಿ. ಉಸಿರಿನ ತೇವ ಲೋಹದ ಪಿನ್‌ಗಳಿಗೆ ಅಂಟಿ ಕಿಲುಬು ಹಿಡಿಸುತ್ತದೆ. ಆಗ ಸರಿಹೋಗುತ್ತಿದ್ದುದು ಕಾರ್ಟ್ರಿಜ್ ತೆಗೆದು ಮತ್ತೆ ಕೂರಿಸಿದ್ದರಿಂದ. ಪಿನ್‌ಗಳು ಉಜ್ಜಿಕೊಂಡು ಹೊಸದಾಗಿ ತಾಗುತ್ತಿದ್ದವು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಪಿನ್‌ಗಳ ಮೇಲೆ ಎಳೆಯಿರಿ. ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೂ ಬದಲಿಸುತ್ತಿರಿ. ಪೂರ್ತಿ ಒಣಗಿದ ಮೇಲೆಯೇ ಹಾಕಿ. ಅಡಾಪ್ಟರ್ ಕಳೆದಿದ್ದರೆ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ಆದರೆ ಸೆಟ್ಟನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ವೋಲ್ಟೇಜ್ ಹೊಂದಿದರೆ ಸಾಲದು, ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ ಎಂಬುದೂ ಹೊಂದಬೇಕು. ಮಾರಿಯೋ ಮಾಡಿದ ನಿಂಟೆಂಡೋ ಕಂಪನಿಯ ಜಪಾನಿನ ಮೂಲ ಗೇಮ್ ಸೆಟ್ ಫ್ಯಾಮಿಕಾಮ್‌ನಲ್ಲಿ ನಡುವೆ ಮೈನಸ್ ಇರುತ್ತದೆ, ಈಗಿನ ಬಹುತೇಕ ಅಡಾಪ್ಟರ್‌ಗಳಲ್ಲಿ ಪ್ಲಸ್. ಅದಲುಬದಲಾದರೆ ಸೆಟ್ ಸುಟ್ಟುಹೋಗಬಹುದು.

ಪ್ರಶ್ನೆ: ಹಳೆಯ ಟಿವಿ ಗೇಮ್‌ನಲ್ಲಿ ಬಾತುಕೋಳಿ ಹೊಡೆಯುವ ಪಿಸ್ತೂಲು ಹೊಸ ಟಿವಿಯಲ್ಲಿ ಒಂದು ಗುರಿಯನ್ನೂ ಹೊಡೆಯುತ್ತಿಲ್ಲ. ಕೆಟ್ಟಿದೆಯೇ?
— ಜಯನಗರದ ಓದುಗರು

ಉತ್ತರ: ಕೆಟ್ಟಿರಲಾರದು. ಆ ಪಿಸ್ತೂಲಿನಿಂದ ಏನೂ ಹೊರಡುವುದಿಲ್ಲ, ಅದರ ತುದಿಯಲ್ಲಿರುವುದು ಬೆಳಕನ್ನು ಗುರುತಿಸುವ ಕಣ್ಣು. ಕುದುರೆ ಎಳೆದ ಕ್ಷಣ ಪರದೆ ಪೂರ್ತಿ ಕಪ್ಪಾಗಿ, ಬಾತುಕೋಳಿ ಇದ್ದ ಕಡೆ ಬಿಳಿ ಚೌಕ ಮಿಂಚುತ್ತದೆ. ಕಣ್ಣಿಗೆ ಆ ಬಿಳಿ ಕಂಡರೆ ಗುರಿ ತಾಗಿದಂತೆ. ಇದೆಲ್ಲ ಹಳೆಯ ಡಬ್ಬಾ ಟಿವಿಯ ವೇಗಕ್ಕೆ ಲೆಕ್ಕಹಾಕಿ ಮಾಡಿದ್ದು. ಎಲ್‌ಸಿಡಿ ಪರದೆ ಚಿತ್ರವನ್ನು ತುಸು ತಡವಾಗಿ ತೋರಿಸುತ್ತದೆ, ಅಷ್ಟರಲ್ಲಿ ಸಮಯ ಮೀರಿರುತ್ತದೆ. ಹಳೆಯ ಟಿವಿ ಕೊಂಡರೆ ಅದರ ಹಿಂಬದಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಪ್ರಶ್ನೆ: ಏಳನೇ ತರಗತಿಯ ಮಗ ಗೇಮ್ ಮಾಡುತ್ತೇನೆಂದು ದುಬಾರಿ ಕಂಪ್ಯೂಟರ್ ಕೇಳುತ್ತಿದ್ದಾನೆ. ಕೊಡಿಸಲೇ?
— ಯಶವಂತಪುರದ ಓದುಗರು

ಉತ್ತರ: ಈಗಲೇ ಬೇಡ. ಸೂಪರ್ ಮಾರಿಯೋ ಬ್ರದರ್ಸ್ ಇಡೀ ಗೇಮ್ ಹಿಡಿದಿದ್ದು 40 ಕಿಲೋಬೈಟ್‌ನಲ್ಲಿ. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದರು, ಮೇಲಿದ್ದಾಗ ಬಿಳಿ, ನೆಲದಲ್ಲಿದ್ದಾಗ ಹಸಿರು. ಮಗನಿಗೆ ಅದನ್ನು ತೋರಿಸಿ, ಅವನ ಮುಖ ನೋಡಿ! ಮುಂದೆ ಬೇಕಾಗುವ ಟೈಲ್ಡ್ (ಲೆವೆಲ್ ಬರೆಯಲು), ಗೋಡೋ (ಗೇಮ್ ಕಟ್ಟಲು) ತಂತ್ರಾಂಶಗಳು ಉಚಿತ. ಅವನ ವಯಸ್ಸಿನ ಸಣ್ಣ ಗೇಮ್‌ಗಳಿಗೆ ಮನೆಯ ಸಾಧಾರಣ ಲ್ಯಾಪ್‌ಟಾಪ್ ಸಾಕು. ಮಾರಿಯೋ ಚಿತ್ರಗಳನ್ನು ನಕಲು ಮಾಡದೆ ತನ್ನದೇ ಚಿತ್ರ ಬರೆಯಲಿ.

ಸದ್ಯಕ್ಕೆ ಲೆಕ್ಕದ ಚೌಕುಳಿ ಪುಸ್ತಕ ಕೊಡಿಸಿ. ನಿಂಟೆಂಡೋದವರೂ ಲೆವೆಲ್‌ಗಳನ್ನು ಗ್ರಾಫ್ ಹಾಳೆಯ ಮೇಲೆಯೇ ಬರೆಯುತ್ತಿದ್ದರು. ಅಡ್ಡಕ್ಕೆ 16, ಉದ್ದಕ್ಕೆ 15 ಚೌಕಗಳ ಪೆಟ್ಟಿಗೆ ಎಳೆದರೆ ಆ ಕಾಲದ ಒಂದು ಪರದೆ ಆಯಿತು. ನಿಮ್ಮ ಬೀದಿಯನ್ನೇ ಬರೆಯಲಿ: ಮೋರಿ, ಗೇಟು, ಹೊಂಗೆ ಮರ, ಮಲಗಿದ ನಾಯಿ. ಬರೆದಾದ ಮೇಲೆ ನೀವು ಬೆರಳಿಟ್ಟು ಆ ದಾರಿಯಲ್ಲಿ ನಡೆಯಿರಿ. ಅವನು ಪಕ್ಕದಲ್ಲಿ ಸುಮ್ಮನೆ ಕುಳಿತು, ನಿಮ್ಮ ಬೆರಳು ಎಲ್ಲಿ ತಡವರಿಸಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಲಿ.