ಅಮೆರಿಕದಲ್ಲಿ ಹೆಂಡತಿಗೆ ಪ್ರೊಟೆಕ್ಟಿವ್ ಆರ್ಡರ್ ಸಿಕ್ಕರೆ ಗಂಡನ ಗನ್ ಪೊಲೀಸರು ತಗೊಂಡು ಹೋಗ್ತಾರಾ?

ಪ್ರೊಟೆಕ್ಟಿವ್ ಆರ್ಡರ್ ಅಂದರೆ ಹೊಡೆಯುವವನಿಂದ ರಕ್ಷಣೆಗೆ ಕೋರ್ಟ್ ಕೊಡುವ ಆದೇಶ. ವಿಚಾರಣೆ ಆಗಿ ಆ ಆರ್ಡರ್ ಬಂದ ಮೇಲೆ ಗಂಡ ಗನ್ ಇಟ್ಟುಕೊಂಡರೆ ಅದು ಅಪರಾಧ. ಆದರೆ ಟೆಕ್ಸಾಸ್‌ನಲ್ಲಿ ಪೊಲೀಸರು ತಾವಾಗಿ ಮನೆಗೆ ಬಂದು ಅದನ್ನು ತಗೊಂಡು ಹೋಗ್ತಾರೆ ಅಂತ ನಂಬಿ ಕೂರಬೇಡಿ. ಟೆಕ್ಸಾಸ್‌ನಲ್ಲಿರುವ ನಿಮ್ಮ ತಂಗಿಯ ಬಗ್ಗೆ ಬರೆದು ಕೇಳಿದ್ದೀರಲ್ಲ, ಅವಳು ಅರ್ಜಿ ಹಾಕುವ ಮೊದಲೇ ಇದನ್ನು ತಿಳಿದುಕೊಂಡಿರಬೇಕು.

ನಾನು ಡಲ್ಲಾಸ್ ಕಡೆ ಇರುವವಳು. ವಕೀಲೆ ಅಲ್ಲ. ಇಂಥ ಕೇಸಿಗೆ ಕೋರ್ಟ್‌ಗೆ ಹೋಗುವ ನಮ್ಮ ಕಡೆಯ ಹೆಣ್ಣುಮಕ್ಕಳ ಜೊತೆ ಹೋಗುತ್ತೇನೆ, ಅರ್ಜಿ ತುಂಬಲು ಕೈಜೋಡಿಸುತ್ತೇನೆ. ನಾನು ಹೇಳುವುದನ್ನು ಅಲ್ಲಿನ ವಕೀಲರ ಹತ್ತಿರ ಒಮ್ಮೆ ಖಚಿತ ಮಾಡಿಕೊಳ್ಳಿ.

ಗ್ರೀನ್ ಕಾರ್ಡ್ ಬಂದ ಮೇಲೆ ಭಾವ, ಅಂದರೆ ತಂಗಿಯ ಗಂಡ, ಪಿಸ್ತೂಲು ಕೊಂಡರು, ಜಗಳ ಆದಾಗಲೆಲ್ಲ ತಂದು ಡೈನಿಂಗ್ ಟೇಬಲ್ ಮೇಲೆ ಇಡುತ್ತಾರೆ ಅಂತ ಬರೆದಿದ್ದೀರಿ. 'ಸುಮ್ನೆ ಹೆದರಿಸೋಕೆ ಅಷ್ಟೇ' ಅಂತ ಮನೆಯ ಹಿರಿಯರು ಹೇಳುತ್ತಿದ್ದಾರೆ ಅಂತಲೂ ಬರೆದಿದ್ದೀರಿ. ದಯವಿಟ್ಟು ಆ ಮಾತನ್ನು ಒಪ್ಪಬೇಡಿ. ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಮತ್ತು ಅವರ ತಂಡ ಅಮೆರಿಕದ 11 ನಗರಗಳಲ್ಲಿ ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಹೊಡೆಯುವ ಗಂಡನ ಕೈಗೆ ಬಂದೂಕು ಸಿಗುವಂತಿದ್ದರೆ ಹೆಂಡತಿಯ ಕೊಲೆ ಆಗುವ ಅಪಾಯ ಸುಮಾರು ಐದು ಪಟ್ಟು ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ಟೇಬಲ್ ಮೇಲೆ ಪಿಸ್ತೂಲು ತಂದಿಡುವುದು ಬೆದರಿಕೆಯೇ. ಅರ್ಜಿಯಲ್ಲಿ ಅದನ್ನು ಹಾಗೇ ಬರೆಯಬೇಕು.

ಈಗ ಕಾನೂನು. 1994ರಿಂದ ಅಮೆರಿಕದ ಫೆಡರಲ್ ಕಾನೂನಿನ (ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿನ) ಪ್ರಕಾರ, ಇಂಥ ಕೋರ್ಟ್ ಆದೇಶ ಜಾರಿಯಲ್ಲಿರುವವನು ಗನ್ ಅಷ್ಟೇ ಅಲ್ಲ, ಗುಂಡು ಕೂಡ ಇಟ್ಟುಕೊಳ್ಳುವಂತಿಲ್ಲ. ಇದಕ್ಕೆ ಷರತ್ತುಗಳಿವೆ. ಅವನಿಗೆ ನೋಟಿಸ್ ಹೋಗಿರಬೇಕು, ತನ್ನ ಮಾತು ಹೇಳಲು ವಿಚಾರಣೆಯಲ್ಲಿ ಅವಕಾಶ ಸಿಕ್ಕಿರಬೇಕು. ಅವನಿಂದ ಅಪಾಯವಿದೆ ಅಂತ ಆದೇಶದಲ್ಲಿ ಬರೆದಿರಬೇಕು, ಇಲ್ಲವೇ ಅವಳ ಮೇಲೆ ಕೈಮಾಡಬಾರದು ಅಂತ ಸ್ಪಷ್ಟವಾಗಿ ಹೇಳಿರಬೇಕು. ಮೀರಿದರೆ 15 ವರ್ಷದವರೆಗೆ ಜೈಲು ಆಗಬಹುದು.

'ಗನ್ ಇಟ್ಟುಕೊಳ್ಳುವುದು ಇಲ್ಲಿ ಸಂವಿಧಾನ ಕೊಟ್ಟ ಹಕ್ಕು, ಯಾರೂ ಕಿತ್ತುಕೊಳ್ಳೋಕೆ ಆಗಲ್ಲ' ಅಂತ ನಿಮ್ಮ ಭಾವ ಹೇಳಿದರಂತೆ. ಈ ವಾದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಸೋತಿದೆ. ಅದೂ ಟೆಕ್ಸಾಸ್‌ನದೇ ಕೇಸು. 2019ರ ಡಿಸೆಂಬರ್‌ನಲ್ಲಿ ಆರ್ಲಿಂಗ್ಟನ್‌ನ ಒಂದು ಪಾರ್ಕಿಂಗ್ ಜಾಗದಲ್ಲಿ ರಹೀಮಿ ಎಂಬಾತ ತನ್ನ ಮಗುವಿನ ತಾಯಿಯನ್ನು ಕಾರಿನೊಳಗೆ ತಳ್ಳಿದ. ಅವಳ ತಲೆ ಡ್ಯಾಶ್‌ಬೋರ್ಡ್‌ಗೆ ಬಡಿಯಿತು. ಅಲ್ಲೇ ಗುಂಡು ಹಾರಿಸಿದ. ಆಮೇಲೆ ಫೋನ್ ಮಾಡಿ, ಯಾರಿಗಾದರೂ ಹೇಳಿದರೆ ಗುಂಡು ಹೊಡೆಯುತ್ತೇನೆ ಅಂದ. 2020ರ ಫೆಬ್ರವರಿಯಲ್ಲಿ ಅವನ ಮೇಲೆ ಎರಡು ವರ್ಷದ ಆದೇಶ ಬಂತು, ಗನ್ ಲೈಸೆನ್ಸ್ ಕೂಡ ಅಮಾನತಾಯಿತು. ಆದರೂ ಬೇರೆ ಗುಂಡು ಹಾರಾಟಗಳಲ್ಲಿ ಅವನ ಹೆಸರು ಬಂದು ಪೊಲೀಸರು ಮನೆ ಶೋಧಿಸಿದಾಗ ಸಿಕ್ಕಿದ್ದು ಒಂದು ಪಿಸ್ತೂಲು, ಒಂದು ರೈಫಲ್, ಗುಂಡುಗಳು ಮತ್ತು ಅದೇ ಕೋರ್ಟ್ ಆದೇಶದ ಒಂದು ಪ್ರತಿ.

ಕೆಳಗಿನ ಮೇಲ್ಮನವಿ ಕೋರ್ಟ್ 2023ರಲ್ಲಿ ಆ ಕಾನೂನನ್ನೇ ಅಸಾಂವಿಧಾನಿಕ ಅಂದಿತ್ತು. 2024ರ ಜೂನ್ 21ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಒಂಬತ್ತು ನ್ಯಾಯಾಧೀಶರಲ್ಲಿ ಎಂಟು ಜನ ಕಾನೂನಿನ ಪರ. ಇನ್ನೊಬ್ಬರ ಜೀವಕ್ಕೆ ಅಪಾಯ ಅಂತ ಕೋರ್ಟ್ ಕಂಡುಕೊಂಡವನ ಕೈಯಿಂದ ಸದ್ಯಕ್ಕೆ ಬಂದೂಕು ದೂರ ಇಡಬಹುದು ಅಂತ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದರು. ಹಕ್ಕಿನ ಮಾತು ಅಲ್ಲಿಗೆ ಮುಗಿಯಿತು.

ಆದರೆ ಆ ಕೇಸಿನಲ್ಲಿ ನನಗೆ ತೀರ್ಪಿಗಿಂತ ಜಾಸ್ತಿ ಕಾಡುವುದು ಒಂದೇ ಮನೆಯಲ್ಲಿ ಆದೇಶವೂ ಬಂದೂಕೂ ಒಟ್ಟಿಗೆ ಸಿಕ್ಕಿದ್ದು. ನಮ್ಮ ಮಲೆನಾಡಿನಲ್ಲಿ ಚುನಾವಣೆ ಬಂತೆಂದರೆ ಲೈಸೆನ್ಸ್ ಕೋವಿ ಇರುವವರು ಠಾಣೆಗೆ ಹೋಗಿ ಒಪ್ಪಿಸಿ ಬರುತ್ತಾರಲ್ಲ? ಯಾರ ಮನೆಯಲ್ಲಿ ಯಾವ ಕೋವಿ ಇದೆ ಅಂತ ಠಾಣೆಯಲ್ಲಿ ಲೆಕ್ಕ ಇರುತ್ತದೆ. ಟೆಕ್ಸಾಸ್‌ನಲ್ಲಿ ಆ ಲೆಕ್ಕವೇ ಇಲ್ಲ, ಗನ್ ನೋಂದಣಿ ಇಲ್ಲ. ಹೆಂಡತಿ ಹೇಳದಿದ್ದರೆ ಮನೆಯಲ್ಲಿ ಎಷ್ಟು ಗನ್ ಇವೆ ಅಂತ ನ್ಯಾಯಾಧೀಶರಿಗೆ ತಿಳಿಯುವುದು ಹೇಗೆ?

ಕ್ಯಾಲಿಫೋರ್ನಿಯಾದಲ್ಲಿ ಹೀಗಲ್ಲ. ಅಲ್ಲಿ ಆದೇಶ ಕೈಗೆ ಬಂದ 24 ಗಂಟೆಯೊಳಗೆ ಗನ್ ಒಪ್ಪಿಸಬೇಕು, 48 ಗಂಟೆಯೊಳಗೆ ಅದರ ರಸೀತಿ ಕೋರ್ಟ್‌ಗೆ ಕೊಡಬೇಕು. ವಿಚಾರಣೆಗೆ ಮೊದಲು ಸಿಗುವ ತಾತ್ಕಾಲಿಕ ಆದೇಶಕ್ಕೂ ಇದೇ ನಿಯಮ. ಎಲ್ಲ ಕಡೆಯೂ ಹೀಗೇ ಇರಬೇಕಿತ್ತು. ಟೆಕ್ಸಾಸ್‌ನಲ್ಲಿ ಡಲ್ಲಾಸ್‌ನಂಥ ಕೆಲವು ಕೌಂಟಿಗಳು (ನಮ್ಮ ಜಿಲ್ಲೆಗಳಂಥವು) ಮಾತ್ರ ಗನ್ ಒಪ್ಪಿಸಿಕೊಳ್ಳುವ ಏರ್ಪಾಡು ಮಾಡಿಕೊಂಡಿವೆ.

ಹಾಗಾಗಿ ಅರ್ಜಿಯಲ್ಲಿ ಬರೆಯುವುದೇ ಮುಖ್ಯ. ಒಬ್ಬ ಹುಡುಗಿ 'ಅವರ ಹತ್ತಿರ ಗನ್ ಇದೆ' ಅಂತ ಒಂದು ಸಾಲು ಬರೆದು ನಿಲ್ಲಿಸಿದ್ದಳು. ಕೂರಿಸಿಕೊಂಡು ಕೇಳುತ್ತಾ ಹೋದೆ. ಒಂದು ಪಿಸ್ತೂಲು ಬೆಡ್‌ರೂಮಿನ ಕ್ಲಾಸೆಟ್‌ನಲ್ಲಿ, ಸೂಟ್‌ಕೇಸಿನ ಹಿಂದೆ. ಇನ್ನೊಂದು ಕಾರಿನ ಗ್ಲೋವ್ ಬಾಕ್ಸ್‌ನಲ್ಲಿ. ಗುಂಡಿನ ಡಬ್ಬಿ ಗ್ಯಾರೇಜ್‌ನಲ್ಲಿ, ಅಕ್ಕಿ ಮೂಟೆ ಪಕ್ಕ. ಯಾವ ದಿನ ತೆಗೆದು ತೋರಿಸಿದ, ಆಗ ಏನಂದ, ಮಗು ಎಲ್ಲಿತ್ತು, ಎಲ್ಲ ಅವಳಿಗೆ ನೆನಪಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ. ನಿಮ್ಮ ತಂಗಿಯೂ ಹೀಗೇ ಬರೆಯಲಿ. ಗನ್‌ಗಳನ್ನು ಯಾರಿಗೆ, ಯಾವತ್ತಿನೊಳಗೆ ಒಪ್ಪಿಸಬೇಕು ಅಂತ ಆದೇಶದಲ್ಲೇ ಬರೆಯಿರಿ ಅಂತ ನ್ಯಾಯಾಧೀಶರನ್ನು ಬಾಯಿಬಿಟ್ಟು ಕೇಳಲಿ.

ಇನ್ನೊಂದು ಎಚ್ಚರ. ಡಿವೋರ್ಸ್ ಕೇಸಿನಲ್ಲಿ ಸಿಗುವ ರಿಸ್ಟ್ರೇನಿಂಗ್ ಆರ್ಡರ್ ಬೇರೆ, ಕೌಟುಂಬಿಕ ಹಿಂಸೆಗೆ ಕೊಡುವ ಪ್ರೊಟೆಕ್ಟಿವ್ ಆರ್ಡರ್ ಬೇರೆ. ಟೆಕ್ಸಾಸ್‌ನಲ್ಲಿ ಮೊದಲನೆಯದನ್ನು ಮುರಿದ ಅಂತ ಪೊಲೀಸರು ಅರೆಸ್ಟ್ ಮಾಡುವುದಿಲ್ಲ. ಅವಳು ಕೇಳಬೇಕಾದ್ದು ಎರಡನೆಯದನ್ನು. ಕೌಂಟಿಯ ಸರ್ಕಾರಿ ವಕೀಲರ ಕಚೇರಿ ಮೂಲಕ ಅರ್ಜಿ ಹಾಕಬಹುದು, ಶುಲ್ಕ ಇಲ್ಲ. ಅವನ ಮಾತು ಕೇಳುವ ಮೊದಲೇ ಕೊಡುವ ತಾತ್ಕಾಲಿಕ ಆದೇಶಕ್ಕೆ ನಾನು ಮೇಲೆ ಹೇಳಿದ ಫೆಡರಲ್ ನಿಷೇಧ ಅನ್ವಯಿಸುವುದಿಲ್ಲ. ಅರ್ಜಿ ಹಾಕಿದ ದಿನದಿಂದ ವಿಚಾರಣೆಯ ದಿನದವರೆಗೆ ಅವಳು ಅವನಿಗೆ ಗೊತ್ತಿರುವ ಯಾವ ಮನೆಯಲ್ಲೂ ಇರಬಾರದು.

ಎಚ್-1ಬಿ ವೀಸಾದಲ್ಲಿ ಇರುವವರ ಮನೆಯವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ಆ ವೀಸಾದವರು ಗನ್ ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ, ಆದೇಶ ಇರಲಿ ಬಿಡಲಿ.

ಕೊನೆಗೆ ನಿಮಗೇ ಒಂದು ವಿನಂತಿ. ನೀವಾಗಲಿ, ದೊಡ್ಡಪ್ಪನಾಗಲಿ ಊರಿನಿಂದ ಭಾವನಿಗೆ ಫೋನ್ ಮಾಡಿ 'ಕೋರ್ಟ್‌ಗೆ ಹೋಗ್ತೀವಿ' ಅಂತ ಬುದ್ಧಿ ಹೇಳಲು ಹೋಗಬೇಡಿ. ಹೆಣ್ಣು ಬಿಟ್ಟು ಹೊರಡುತ್ತಾಳೆ ಅಂತ ಗೊತ್ತಾದ ಹೊತ್ತೇ ಎಲ್ಲಕ್ಕಿಂತ ಅಪಾಯದ್ದು. ಅವಳು ತಾನೇ ಗನ್ ಬಚ್ಚಿಡಲೂ ಹೋಗಬಾರದು. ನ್ಯಾಷನಲ್ ಡೊಮೆಸ್ಟಿಕ್ ವಯಲೆನ್ಸ್ ಹಾಟ್‌ಲೈನ್ 1-800-799-7233ಕ್ಕೆ ಗಂಡನ ಕೈಗೆ ಸಿಗದ ಬೇರೊಂದು ಫೋನ್‌ನಿಂದ ಕರೆ ಮಾಡಲಿ, ದಿನವಿಡೀ ಎತ್ತುತ್ತಾರೆ. ಹ್ಯೂಸ್ಟನ್ ಕಡೆ ಇದ್ದರೆ ದಯಾ ಎಂಬ ಸಂಸ್ಥೆ ದಕ್ಷಿಣ ಏಷ್ಯಾದ ಕುಟುಂಬಗಳಿಗಾಗಿಯೇ ಇದೆ. ಯಾವ ಕೌಂಟಿ ಅಂತ ಇಲ್ಲಿ ತಿಳಿಸಿದರೆ ಅರ್ಜಿ ಎಲ್ಲಿ ಕೊಡಬೇಕು ಅಂತ ಹೇಳುತ್ತೇನೆ. ಅವಳ ಹೆಸರು, ವಿಳಾಸ ಮಾತ್ರ ಹಾಕಬೇಡಿ.