ಕೈಯಲ್ಲಿ ಬಿಸ್ಕತ್ತು ಇದ್ದರಷ್ಟೇ ಮಾತು ಕೇಳುವ ನಾಯಿಗೆ ಏನು ಮಾಡಬೇಕು?

ಕೊಪ್ಪಳದಲ್ಲಿ ಮನೆ, ಒಂದೂವರೆ ವರ್ಷದ ನಾಟಿ ನಾಯಿ, ಹತ್ತು ಕಿಲೋ ತೂಕ. ಬಿಸ್ಕತ್ತು ಕಂಡರೆ ಕೂರುತ್ತೆ, ಬರಿಗೈ ಕಂಡರೆ ಮುಖ ತಿರುಗಿಸುತ್ತೆ, ತಿನಿಸು ಕೊಟ್ಟು ಕಲಿಸಿದ್ದೇ ತಪ್ಪಾಯ್ತಾ ಅಂತ ಕೇಳಿದ್ದೀರಿ. ತಿನಿಸು ಕೊಟ್ಟಿದ್ದು ತಪ್ಪಲ್ಲ, ಮೊದಲೇ ತೋರಿಸಿದ್ದು ತಪ್ಪು. ಬಿಸ್ಕತ್ತು ಎತ್ತಿ ಹಿಡಿದು ಆಮೇಲೆ ‘ಕುಂದ್ರು’ ಅಂದರೆ, ನಾಯಿ ಲೆಕ್ಕದಲ್ಲಿ ಅಪ್ಪಣೆ ಅಂದರೆ ಬಿಸ್ಕತ್ತೇ; ನಿಮ್ಮ ಮಾತು ಹಿಂದೆ ಬರುವ ಸದ್ದು ಅಷ್ಟೇ. ಹೊಲಕ್ಕೆ ಬಂದ ಆಳಿಗೆ ಸಂಜೆ ಕೂಲಿ ಕೊಡುತ್ತೀವಿ, ಬೆಳಿಗ್ಗೆ ಬದುವಿನ ಮೇಲೆ ನಿಂತು ನೋಟು ಆಡಿಸುವುದಿಲ್ಲ.

ಮೊದಲು ಒಂದು ಗುರುತಿನ ಮಾತು ಆರಿಸಿಕೊಳ್ಳಿ, ಅಂದರೆ ‘ಈಗ ಮಾಡಿದ್ದು ಸರಿ’ ಅಂತ ನಾಯಿಗೆ ಆ ಗಳಿಗೆಯಲ್ಲೇ ತಿಳಿಸುವ ಮಾತು. ನನ್ನ ಆಯ್ಕೆ ‘ಭೇಷ್’. ಚಿಕ್ಕದು, ಖಡಕ್ಕಾಗಿ ಕೇಳುತ್ತೆ, ಮನೆಮಾತಿನಲ್ಲಿ ಮಾತುಮಾತಿಗೆ ಬರುವುದಿಲ್ಲ. ‘ಹ್ಞೂಂ’, ‘ಆಯ್ತು’ ಇಟ್ಟುಕೊಂಡರೆ ನೀವು ಫೋನಿನಲ್ಲಿ ಮಾತಾಡುವಾಗಲೂ ನಾಯಿ ಬಂದು ನಿಂತಿರುತ್ತೆ. ಏನೂ ಕೇಳದೆ ಹದಿನೈದಿಪ್ಪತ್ತು ಸಲ ‘ಭೇಷ್’ ಅನ್ನಿ, ಪ್ರತಿ ಸಲವೂ ತಕ್ಷಣ ಒಂದು ಚೂರು ಕೊಡಿ. ಮಾತು ಮೊದಲು, ಕೈ ಆಮೇಲೆ. ಎರಡೂ ಒಟ್ಟಿಗೆ ಹೊರಟರೆ ನಾಯಿ ಕೈಯನ್ನೇ ನೋಡುತ್ತೆ, ಮಾತು ಕೇಳಿಸಿಕೊಳ್ಳುವುದಿಲ್ಲ. ಆ ಮಾತಿಗೆ ಕತ್ತು ತಿರುಗಿಸತೊಡಗಿದರೆ ಅದಕ್ಕೆ ಬೆಲೆ ಬಂತು ಅಂತ ಅರ್ಥ.

ಈಗ ಕೂರಿಸುವುದು. ಒಂದು ಚೂರನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ನಿಧಾನವಾಗಿ ಎರಡು ಕಿವಿಗಳ ನಡುವೆ ಹಿಂದಕ್ಕೆ ಸರಿಸಿ. ಮೂತಿ ಮೇಲೆದ್ದರೆ ಹಿಂಭಾಗ ತಾನೇ ಇಳಿಯುತ್ತೆ. ಕುಂಡೆ ನೆಲಕ್ಕೆ ತಾಗಿದ ಗಳಿಗೆಯಲ್ಲೇ ‘ಭೇಷ್’, ಆಮೇಲೆ ತಿನಿಸು. ನಾಯಿ ಹಾರುತ್ತಿದ್ದರೆ ಕೈ ಎತ್ತರವಾಯಿತು; ಹಿಂದೆ ಹಿಂದೆ ಹೋಗುತ್ತಿದ್ದರೆ ಗೋಡೆ ಮೂಲೆಗೆ ನಿಲ್ಲಿಸಿ ಮಾಡಿ. ಕೂತು ಮತ್ತೆ ಎದ್ದ ಮೇಲೆ ಕೊಟ್ಟರೆ ನೀವು ಕಲಿಸಿದ್ದು ಏಳುವುದನ್ನು. ಬೆನ್ನು ಒತ್ತಿ ಕೂರಿಸಲು ಹೋಗಬೇಡಿ, ಅದು ಎದುರು ಒತ್ತುತ್ತೆ. ಮುಧೋಳದಂಥ ತೆಳುಮೈಯ ನಾಯಿ ಸಾಕಿದವರಿಗೆ ಒಂದು ಮಾತು: ಬರೀ ಶಹಾಬಾದ್ ಕಲ್ಲಿನ ಮೇಲೆ ಕೂರುವುದು ಅವುಗಳಿಗೆ ಹಿತವಲ್ಲ. ಗೋಣಿಚೀಲ ಹಾಸಿ ಕಲಿಸಿ, ಇಲ್ಲವೇ ಮಲಗುವುದನ್ನೇ ಮೊದಲು ಕಲಿಸಿ.

ನಿಮ್ಮ ಗಂಟು ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ತಿನಿಸು ಹಿಡಿದ ಕೈಯಲ್ಲಿ ಐದಾರು ಸಲ ಮಾಡಿದರೆ ಸಾಕು, ಏಳನೆಯದು ಬರಿಗೈಯಲ್ಲಿ. ಅದೇ ಕೈ, ಅದೇ ಸನ್ನೆ, ಒಳಗೆ ಏನಿಲ್ಲ. ಕೂತಾಗ ‘ಭೇಷ್’ ಅಂದು ಇನ್ನೊಂದು ಕೈಯಿಂದ ಕೊಡಿ. ಮಾರನೇ ದಿನ ತಿನಿಸು ಮೈಮೇಲೆ ಇರಲೇಬಾರದು: ಗೂಡಿನಲ್ಲೋ ಕಪಾಟಿನ ಮೇಲೋ ಸ್ಟೀಲ್ ಡಬ್ಬಿಯಲ್ಲಿ ಇಡಿ. ಕೂತ ಮೇಲೆ ‘ಭೇಷ್’, ನಂತರ ಇಬ್ಬರೂ ಡಬ್ಬಿಯ ಹತ್ತಿರ ಹೋಗಿ. ಕಾಣದ ತಿನಿಸೂ ಸಿಗುತ್ತೆ ಅಂತ ನಾಯಿಗೆ ಗೊತ್ತಾಗಬೇಕಾದ್ದೇ ಇಲ್ಲಿ. ಆಮೇಲೆ ಮಾತು ಸೇರಿಸಿ: ‘ಕುಂದ್ರು’ ಅನ್ನಿ, ಒಂದು ಸೆಕೆಂಡ್ ತಡೆದು ಸನ್ನೆ ಮಾಡಿ. ಬರಬರುತ್ತಾ ಸನ್ನೆಗೆ ಮುಂಚೆಯೇ ಕೂರುತ್ತೆ.

ಹತ್ತಕ್ಕೆ ಎಂಟು ಒಂಬತ್ತು ಸಲ ಸರಿ ಬರುವವರೆಗೂ ಪ್ರತಿ ಸಲ ಕೊಡಿ. ಆಮೇಲೆ ಮೂರಕ್ಕೆ ಎರಡು, ಮುಂದೆ ಲೆಕ್ಕ ಸಿಗದ ಹಾಗೆ. ಚುರುಕಾಗಿ ಕೂತಿದ್ದಕ್ಕೆ ಒಮ್ಮೆಗೇ ಮೂರು ಚೂರು. ಒಂದೇ ವಾರಕ್ಕೆ ಪೂರ್ತಿ ನಿಲ್ಲಿಸಿಬಿಡುವವರೇ ಹೆಚ್ಚು, ಆಮೇಲೆ ನಾಯಿ ಹಟಮಾರಿ ಅನ್ನುತ್ತಾರೆ. ಎರಡು ಸಲ ಸತತ ತಪ್ಪಿದರೆ ಹಿಂದಿನ ಹೆಜ್ಜೆಗೆ ಮರಳಿ. ಒಂದು ಸಲಕ್ಕೆ ಮೂರು ನಿಮಿಷ, ದಿನಕ್ಕೆ ಎರಡು ಮೂರು ಸಲ, ಊಟಕ್ಕೆ ಮುಂಚೆ.

ಬಿಸ್ಕತ್ತು ಬಿಡಿ. ಪುಡಿ ಉದುರುತ್ತೆ, ನಾಯಿ ನೆಲ ಮೂಸುತ್ತಾ ನಿಲ್ಲುತ್ತೆ. ಹತ್ತು ಕಿಲೋದ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು, ತಿನಿಸು ಅದರಲ್ಲಿ ಹತ್ತನೇ ಒಂದು ಪಾಲು ದಾಟಬಾರದು. ಎರಡೂವರೆ ಮಾರಿ ಬಿಸ್ಕತ್ತಿಗೆ ಆ 60 ಮುಗಿದೇ ಹೋಗುತ್ತೆ. ಉಪ್ಪು, ಮಸಾಲೆ ಹಾಕದೆ ಬೇಯಿಸಿದ, ತೊಗಲು ತೆಗೆದ ಕೋಳಿ ಮಾಂಸವಾದರೆ 35 ಗ್ರಾಂ ಬರುತ್ತೆ; ಕಡಲೆಕಾಳಿನಷ್ಟು ಹೆಚ್ಚಿದರೆ ಅರವತ್ತು ಚೂರು. ಮಾಂಸ ತರದ ಮನೆಯಾದರೆ ಪನೀರ್, ಬೇಯಿಸಿದ ಗೆಣಸು, ಗಜ್ಜರಿ. ಮನೆಯೊಳಗೆ ಬೇರೆ ಗದ್ದಲವಿಲ್ಲದಾಗ ಜೋಳದ ರೊಟ್ಟಿಯ ಚೂರೂ ನಡೆಯುತ್ತೆ, ಆದರೆ ಬೀದಿಯಲ್ಲಿ ನಾಲ್ಕು ನಾಯಿ ಎದುರಿಗಿದ್ದಾಗ ರೊಟ್ಟಿಗೆ ಯಾವ ನಾಯಿಯೂ ತಿರುಗುವುದಿಲ್ಲ. ಅಲ್ಲಿಗೆ ಮಾಂಸವೇ ಬೇಕು. ತಿನಿಸು ಕೊಟ್ಟ ದಿನ ಊಟದಲ್ಲಿ ಅಷ್ಟು ಕಡಿಮೆ ಮಾಡಿ.

ಉಳಿದ ಮಂಡಕ್ಕಿ ವಗ್ಗರಣಿ, ಆಮ್ಲೆಟ್ ಕೊಡಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ನಿಮ್ಮ ಕಡೆ ದ್ರಾಕ್ಷಿ ಬೆಳೆಯುತ್ತಾರೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ಮೂತ್ರಪಿಂಡಕ್ಕೆ ಕುತ್ತು, ಸಿಹಿ ಶಿರಾದಲ್ಲಿ ಹಾಕಿರುವುದೂ ಸೇರಿ. ಚಾಕೊಲೇಟ್, ಬೇಯಿಸಿದ ಎಲುಬೂ ಬೇಡ.

ಏಪ್ರಿಲ್, ಮೇನಲ್ಲಿ ಕಲಿಕೆ ಬೆಳಿಗ್ಗೆ ಏಳರೊಳಗೆ ಮುಗಿಸಿ. ಬಿಸಿಲಿಗೆ ತೇಕುವ ನಾಯಿ ಕೋಳಿ ಮಾಂಸವನ್ನೂ ಮೂಸಿ ಬಿಡುತ್ತೆ, ಅದಕ್ಕೆ ಹಟ ಅಂತ ಹೆಸರಿಡಬೇಡಿ. ಮಾಳಿಗೆ ಸಂಜೆಯಾದರೂ ಕಾದೇ ಇರುತ್ತೆ: ಅಂಗೈ ಹಿಂಭಾಗ ಏಳು ಸೆಕೆಂಡ್ ಇಡಲಾಗದಿದ್ದರೆ ಅಲ್ಲಿ ಕೂರಿಸಬೇಡಿ. ಬೇಯಿಸಿದ ಮಾಂಸ ಆ ಸೆಕೆಯಲ್ಲಿ ಒಂದು ತಾಸು ಹೊರಗಿದ್ದರೆ ಚೆಲ್ಲಿಬಿಡಿ.

ಇನ್ನೊಂದು: ನೀವು ‘ಕುಂದ್ರು’, ಮಕ್ಕಳು ‘ಸಿಟ್’, ಅಜ್ಜಿ ‘ಕೂಡು ಕೂಡು ಕೂಡು’ ಅಂದರೆ ನಾಯಿಗೆ ಅವು ಮೂರು ಬೇರೆ ಮಾತು. ಒಂದನ್ನು ಗಟ್ಟಿ ಮಾಡಿ ಅಡುಗೆಮನೆ ಬಾಗಿಲಿಗೆ ಬರೆದು ಅಂಟಿಸಿ, ಒಂದೇ ಸಲ ಹೇಳಿ. ‘ಬಾ’ ಅಂತ ಕರೆದು ಸ್ನಾನ ಮಾಡಿಸುವುದು, ಸರಪಳಿ ಹಾಕುವುದು ಬೇಡ. ಅಂಥ ಕೆಲಸಕ್ಕೆ ನೀವೇ ನಾಯಿಯ ಹತ್ತಿರ ಹೋಗಿ.